ಮಾತಾಡುತ್ತಾ ಹತ್ತಬೇಕಾದ ಏರು

ಮಾವನಿಗೆ ಸ್ಟೆಂಟ್ ಹಾಕಿದ್ದು ಶಿವಮೊಗ್ಗದಲ್ಲಿ. ಕೆಲವು ತಿಂಗಳು ಕಳೆದು ತಪಾಸಣೆಗೆ ಹೋದಾಗ ಅವರು ಡಾಕ್ಟರನ್ನು ಕೇಳಿದ್ದು ಒಂದೇ ಪ್ರಶ್ನೆ.

"ಸೈಕಲ್ ತುಳೀಬಹುದಾ?"

ಊಟ, ಉಪ್ಪು, ಮಾತ್ರೆ ಇವುಗಳ ಬಗ್ಗೆ ಅವರಿಗೆ ಯಾವ ಅನುಮಾನವೂ ಇರಲಿಲ್ಲ. ಡಾಕ್ಟರು ವರದಿಗಳನ್ನು ಇನ್ನೊಮ್ಮೆ ತಿರುವಿ ನೋಡಿದರು. ಎದೆಬಡಿತ ಇಷ್ಟರ ಒಳಗಿರಲಿ ಎಂದು ಒಂದು ಸಂಖ್ಯೆ ಹೇಳಿದರು. ಆಮೇಲೆ ಪೆನ್ನು ಕೆಳಗಿಟ್ಟು, "ತುಳೀರಿ. ಆದ್ರೆ ಒಬ್ರೇ ಹೋಗೋದು ಬೇಡ. ತುಳಿಯುವಾಗ ಪಕ್ಕದವರ ಹತ್ರ ಮಾತಾಡೋಕೆ ಆಗ್ತಾ ಇರಬೇಕು. ಯಾವಾಗ ಮಾತು ಕಷ್ಟ ಆಗುತ್ತೋ ಆವಾಗ ಇಳಿದುಬಿಡಿ" ಅಂದರು.

ಪಕ್ಕದವರು ಯಾರು ಎನ್ನುವ ಪ್ರಶ್ನೆ ಕಾರಿನಲ್ಲಿ ಸಾಗರಕ್ಕೆ ವಾಪಸು ಬರುವಾಗ ಎದ್ದಿತು. ನನ್ನ ಗಂಡನಿಗೆ ಪೇಟೆಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಬೆಳಿಗ್ಗೆ ಬೇಗ ಏಳುವುದೆಂದರೆ ಅವರಿಗೆ ಜ್ವರ ಬಂದಷ್ಟು ಸಂಕಟ. ಮಾವ ಮೊದಲು ಜೊತೆಗೆ ಹೋಗುತ್ತಿದ್ದ ಹುಡುಗರ ಗುಂಪು ಜೋಗಕ್ಕೆ ಹೋಗಿ ಬಂದು ತಿಂಡಿ ತಿನ್ನುವಂಥದ್ದು. ಅವರ ವೇಗಕ್ಕೆ ಇನ್ನು ಹೊಂದಲು ಸಾಧ್ಯವಿರಲಿಲ್ಲ. ಹಿಂದಿನ ಸೀಟಿನಲ್ಲಿದ್ದ ನಾನು "ನಾನು ಹೋಗ್ತೀನಿ" ಅಂದೆ. ಅಂದ ಮೇಲೆ ನನಗೇ ಆಶ್ಚರ್ಯವಾಯಿತು. ಹೈಸ್ಕೂಲು ಬಿಟ್ಟ ಮೇಲೆ ನಾನು ಸೈಕಲ್ ಮುಟ್ಟಿರಲಿಲ್ಲ. ಈಗ ಅಂಥದ್ದೇ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ವಯಸ್ಸು ನಲವತ್ತೈದು ದಾಟಿದೆ.

ಮಾವ ಕನ್ನಡಿಯಲ್ಲಿ ನನ್ನನ್ನು ನೋಡಿ, "ನಿಂಗೆ ಆಗುತ್ತಾ ಮಾರಾಯ್ತಿ?" ಅಂದರು.

"ನಿಧಾನಕ್ಕೆ ಹೋದ್ರೆ ಆಗಬಹುದು."

"ನಿಧಾನಕ್ಕೇ ಹೋಗಬೇಕಾಗಿರೋದು" ಎಂದು ಅವರು ಕಿಟಕಿಯ ಕಡೆ ತಿರುಗಿದರು.

ನನ್ನ ಮಾವ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹೊಸನಗರದ ಕಡೆಯ ಹಳ್ಳಿಗಳಲ್ಲಿ ಇವತ್ತಿಗೂ ಅವರು ದನದ ಡಾಕ್ಟ್ರು. ನಿವೃತ್ತಿಯಾದ ವರ್ಷ, ಯಾರನ್ನೂ ಕೇಳದೆ, ಟಗರಿನ ಕೊಂಬಿನಂತೆ ಹ್ಯಾಂಡಲ್ ಬಾಗಿದ, ಬೆರಳಷ್ಟು ಸಪೂರದ ಟೈರಿನ ಸೈಕಲ್ ತಂದಿದ್ದರು. ಆಗ ಅತ್ತೆ ಇದ್ದರು. "ಈ ವಯಸ್ಸಿಗೆ ಚಡ್ಡಿ ಹಾಕ್ಕೊಂಡು ಎಲ್ಲಿಗೆ ಸವಾರಿ" ಎಂದು ನಗುತ್ತಿದ್ದರು, ಜೊತೆಗೆ ಅವರ ನೀರಿನ ಬಾಟಲಿಗೆ ಮರೆಯದೆ ನಿಂಬೆಹಣ್ಣು ಹಿಂಡುತ್ತಿದ್ದರು. ಮನೆಯಲ್ಲಿ ಮಾತಿನ ವ್ಯವಹಾರವೆಲ್ಲ ಅತ್ತೆಯದೇ. ಮಾವನಿಗೆ ಏನು ಬೇಕೆಂದು ನಮಗೆ ಹೇಳುತ್ತಿದ್ದವರು ಅವರು, ನಾವು ಏನಂದೆವೆಂದು ಮಾವನಿಗೆ ತಲುಪಿಸುತ್ತಿದ್ದವರೂ ಅವರು. ಅವರು ಹೋದ ಮೇಲೆ ನಾವು ಮೂವರೂ ಒಳ್ಳೆಯವರಾಗಿಯೇ ಉಳಿದೆವು, ಆದರೆ ಮನೆ ತುಂಬ ಸದ್ದಿಲ್ಲದಂತಾಯಿತು. ಮಗಳು ಹಾಸ್ಟೆಲಿಗೆ ಹೋದ ಮೇಲಂತೂ ಊಟದ ಹೊತ್ತಿಗೆ ತಟ್ಟೆ ಸೌಟಿನ ಸದ್ದೊಂದೇ ಕೇಳುತ್ತಿತ್ತು.

ಮಗಳು ಬಿಟ್ಟುಹೋದ ಗೇರ್ ಸೈಕಲ್ಲನ್ನೇ ನಾನು ಹೊರಗೆ ತೆಗೆದೆ. ಚೈನಿಗೆ ಎಣ್ಣೆ ಬಿಟ್ಟು, ಸೀಟು ಎತ್ತರಿಸಿಕೊಟ್ಟವರು ಮಾವ. ಎರಡು ಸಲ ಬಿದ್ದೆ. ಮೂರನೆಯ ದಿನ ಇಕ್ಕೇರಿಯ ದಾರಿ ಹಿಡಿದೆವು. ಹೋಗಿ ಬಂದರೆ ಹನ್ನೆರಡು ಕಿಲೋಮೀಟರಿನ ಆಸುಪಾಸು. ಬೆಳಗಿನ ಬಸ್ಸುಗಳು ಇನ್ನೂ ಹೊರಟಿರಲಿಲ್ಲ. ಅಕ್ಕಪಕ್ಕ ತುಳಿಯುತ್ತಿದ್ದೆವು, ಡಾಕ್ಟರು ಹೇಳಿದಂತೆ ಮಾತಾಡಬೇಕಿತ್ತು.

"ತಿಂಡಿಗೆ ಏನು ಮಾಡ್ಲಿ ಮಾವ?"

"ಏನಾದ್ರೂ."

ಅಲ್ಲಿಗೆ ಮುಗಿಯಿತು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಇದ್ದವರಿಗೆ ಒಂದು ಏರು ಹತ್ತುವಷ್ಟು ಮಾತಿರಲಿಲ್ಲ. ಮುಂದೆ ರಸ್ತೆ ಸ್ವಲ್ಪ ಏರಿತು. ಅವರು ಸುಮ್ಮನಿದ್ದದ್ದು ಸ್ವಭಾವದಿಂದಲೋ ಉಸಿರು ಸಾಲದೆಯೋ ಗೊತ್ತಾಗದೆ ನನಗೆ ಗಾಬರಿಯಾಯಿತು.

"ಮಾವ, ಹದಿನೇಳರ ಮಗ್ಗಿ ಹೇಳಿ."

ಅವರು ನನ್ನತ್ತ ತಿರುಗಿ ನೋಡಿದರು. ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾದ ಮೇಲೆ ಗಂಟಲು ಸರಿಮಾಡಿಕೊಂಡು, ಶಾಲೆಯ ಹುಡುಗನ ರಾಗದಲ್ಲೇ ಶುರುಮಾಡಿದರು. ಎದುರಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದವನೊಬ್ಬ ಬೈಕು ನಿಧಾನಿಸಿ ನಮ್ಮಿಬ್ಬರನ್ನೂ ನೋಡಿ ಹೋದ. ಹದಿನೇಳೆಂಟ್ಲಿಗೆ ತಪ್ಪಿದರು. ನಾನು ತಿದ್ದಿದೆ. ಏರು ಮುಗಿದಿತ್ತು.

ಎರಡು ವಾರ ಮಗ್ಗಿಯಲ್ಲೇ ಕಳೆಯಿತು. ಆಮೇಲೊಂದು ದಿನ ಅವರಾಗಿಯೇ ಒಂದು ಎಮ್ಮೆಯ ಕಥೆ ತೆಗೆದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೊಸನಗರದ ಹತ್ತಿರ ಒಂದು ಮನೆಯಲ್ಲಿ ಎಮ್ಮೆಗೆ ಜ್ವರ. ಮನೆಯೊಡತಿ ಬಿಟ್ಟರೆ ಬೇರೆ ಯಾರನ್ನೂ ಅದು ಹತ್ತಿರ ಸೇರಿಸುತ್ತಿರಲಿಲ್ಲ, ಆಕೆ ತವರಿಗೆ ಹೋಗಿದ್ದಳು. ಕಡೆಗೆ ಮಾವ ಆಕೆಯ ಸೀರೆಯನ್ನು ಪ್ಯಾಂಟಿನ ಮೇಲೆ ಸುತ್ತಿಕೊಂಡು, ತಲೆಗೆ ಸೆರಗು ಹೊದ್ದು, ಸೂಜಿಯನ್ನು ಬೆನ್ನ ಹಿಂದೆ ಹಿಡಿದು ಕೊಟ್ಟಿಗೆಗೆ ಹೋದರಂತೆ.

"ಒಪ್ಪಿಕೊಳ್ತಾ?"

"ಒಪ್ಪಿಕೊಳ್ತು. ಇಂಜೆಕ್ಷನ್ನೂ ಆಯ್ತು. ಅಷ್ಟು ಹೊತ್ತಿಗೆ ಆಯಮ್ಮ ತವರಿಂದ ಬಂದು ಅಂಗಳದಲ್ಲಿ ನಿಂತಿದ್ಲು. ಸೀರೆ ಬಿಚ್ಚೋಕೂ ಆಗ್ದೆ, ಮಾತಾಡೋಕೂ ಆಗ್ದೆ ನಿಂತೆ."

ನಾನು ನಕ್ಕು ನಕ್ಕು ಸೈಕಲ್ಲಿನಿಂದ ಇಳಿದೆ. ಈ ಕಥೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅತ್ತೆಗೆ ಮಾತ್ರ ಗೊತ್ತಿತ್ತಂತೆ. ಆ ದಿನದಿಂದ ಮಗ್ಗಿಯ ಅಗತ್ಯ ಬೀಳಲಿಲ್ಲ.

ದೂರವನ್ನು ನಾವು ಆತುರದಲ್ಲಿ ಹೆಚ್ಚಿಸಲಿಲ್ಲ. ಮೊದಲು ಇಕ್ಕೇರಿ, ಆಮೇಲೆ ಕೆಳದಿ, ಆಮೇಲೆ ಆನಂದಪುರದ ರಸ್ತೆಯಲ್ಲಿ ಅರ್ಧ ದಾರಿ. ಎಷ್ಟು ದೂರ ಸರಿ ಎನ್ನುವುದಕ್ಕೆ ನಾನೊಂದು ಲೆಕ್ಕ ಇಟ್ಟುಕೊಂಡಿದ್ದೆ. ಮನೆಗೆ ಬಂದು ಸ್ನಾನ ಮಾಡಿ ತಿಂಡಿ ತಿಂದ ಮೇಲೆ ಮಾವ ಪೇಪರ್ ಓದುತ್ತ ಕೂತರೆ ಆ ದೂರ ಸರಿಯಾಗಿದೆ. ಪೇಪರ್ ಮುಖದ ಮೇಲೆ ಹಾಕಿಕೊಂಡು ಮಲಗಿದರೆ ಮುಂದಿನ ವಾರ ಅಷ್ಟೇ, ಹೆಚ್ಚಿಲ್ಲ. ಹೋಗುವಾಗಿನ ಹುಮ್ಮಸ್ಸನ್ನು ನಂಬಬಾರದೆಂದು ನನಗೆ ಬೇಗನೇ ತಿಳಿಯಿತು. ಸಾಗರದಿಂದ ಎತ್ತ ಹೊರಟರೂ ಇಳಿಜಾರು ಸಿಗುತ್ತದೆ, ಆ ಇಳಿಜಾರನ್ನೆಲ್ಲ ವಾಪಸು ಬರುವಾಗ ಹತ್ತಬೇಕು.

ಆ ಹತ್ತುವಾಗಲೇ ತೊಂದರೆ. ಸಣ್ಣ ಏರಿನಲ್ಲಿ ಅವರ ಕಥೆ ಸರಾಗವಾಗಿ ಓಡುತ್ತಿತ್ತು. ಏರು ಕಡಿದಾದ ಕೂಡಲೆ ವಾಕ್ಯಗಳು ಗಿಡ್ಡವಾಗಿ, ಕೊನೆಗೆ "ಹ್ಞೂಂ" ಮಾತ್ರ ಉಳಿಯುತ್ತಿತ್ತು. ನಾನು ಅವರ ಪಕ್ಕದಲ್ಲೇ ಸಲೀಸಾಗಿ ಹತ್ತುತ್ತಿದ್ದೆ. ನನಗೆ ಅವರಿಗಿಂತ ಶಕ್ತಿ ಹೆಚ್ಚೇನೂ ಇರಲಿಲ್ಲ. ವ್ಯತ್ಯಾಸ ಸೈಕಲ್ಲಿನಲ್ಲಿತ್ತು.

ಒಂದು ಭಾನುವಾರ ಅಂಗಳದಲ್ಲಿ ಕೂತು ಎರಡೂ ಸೈಕಲ್ಲಿನ ಹಲ್ಲು ಎಣಿಸಿದೆ. ಮಾವನ ಸೈಕಲ್ಲಿಗೆ ಮುಂದೆ, ಪೆಡಲಿನ ಹತ್ತಿರ, ಎರಡು ಹಲ್ಲುಚಕ್ರ. ದೊಡ್ಡದಕ್ಕೆ ಐವತ್ತೆರಡು ಹಲ್ಲು, ಚಿಕ್ಕದಕ್ಕೆ ಮೂವತ್ತಾರು. ಹಿಂದಿನ ಚಕ್ರದಲ್ಲಿರುವವುಗಳಲ್ಲಿ ಅತಿ ದೊಡ್ಡದಕ್ಕೆ ಇಪ್ಪತ್ತೆಂಟು. ಮೂವತ್ತಾರನ್ನು ಇಪ್ಪತ್ತೆಂಟರಿಂದ ಭಾಗಿಸಿದರೆ ಒಂದೂಕಾಲರ ಮೇಲೆ ಚೂರು. ಅಂದರೆ ಅವರ ಅತ್ಯಂತ ಹಗುರದ ಗೇರಿನಲ್ಲೂ ಪೆಡಲ್ ಒಂದು ಸುತ್ತು ತುಳಿದರೆ ಹಿಂದಿನ ಚಕ್ರ ಒಂದೂಕಾಲು ಸುತ್ತು ಉರುಳಲೇಬೇಕು. ಸಮತಟ್ಟು ರಸ್ತೆಯಲ್ಲಿ ಅದು ಲಾಭ. ಏರಿನಲ್ಲಿ ಅಷ್ಟೂ ದೂರಕ್ಕೆ ಮೈಭಾರವನ್ನು ಎತ್ತಬೇಕು, ಆ ಭಾರ ಕಾಲಿನಿಂದ ಎದೆಗೆ ಹೋಗುತ್ತದೆ. ಮಗಳ ಸೈಕಲ್ಲಿಗೆ ಮುಂದೆ ಮೂರು ಚಕ್ರ, ಅತಿ ಚಿಕ್ಕದಕ್ಕೆ ಇಪ್ಪತ್ತೆಂಟೇ ಹಲ್ಲು, ಹಿಂದೆ ಮೂವತ್ತೆರಡು. ನಾನು ಒಂದು ಸುತ್ತು ತುಳಿದರೆ ಚಕ್ರ ಒಂದು ಸುತ್ತೂ ಪೂರ್ತಿ ತಿರುಗುವುದಿಲ್ಲ. ನಡೆಯುವವರಿಗಿಂತ ತುಸು ಬೇಗ ಹೋಗುತ್ತೇನೆ, ಆದರೆ ಹೋಗುತ್ತ ಮಾತಾಡುತ್ತೇನೆ.

ಇದನ್ನೆಲ್ಲ ಹೇಳಿ, ಹಿಂದಿನದು ಮುಂದಿನದು ಎರಡನ್ನೂ ಬದಲಾಯಿಸೋಣ ಅಂದಾಗ ಮಾವ, "ಅದು ಅಜ್ಜಿ ಗೇರು" ಅಂದರು. ಹುಡುಗರ ಗುಂಪಿನಲ್ಲಿ ಕಲಿತ ಮಾತು. "ನಾನು ಜೋಗಕ್ಕೆ ಹೋಗಿ ಬಂದಿದ್ದು ಈ ಚಕ್ರದಲ್ಲೇ ಅಲ್ವಾ?"

"ಆವಾಗ ನಿಮಗೆ ಮಾತಾಡಬೇಕಾಗಿರ್ಲಿಲ್ಲ."

ಅವರು ಬಟ್ಟೆ ತೆಗೆದುಕೊಂಡು ಸೈಕಲ್ಲನ್ನು ಒರೆಸತೊಡಗಿದರು. ಆಮೇಲೆ, "ಹಿಂದಿಂದು ಬದಲಾಯಿಸೋಣ. ಮುಂದಿಂದು ಮುಟ್ಟೋದು ಬೇಡ" ಅಂದರು. ಅಷ್ಟಕ್ಕೆ ನಾನೂ ಒಪ್ಪಿದೆ. ಶಿವಮೊಗ್ಗದ ಅಂಗಡಿಯಲ್ಲಿ ಹಿಂದಕ್ಕೆ ಮೂವತ್ತನಾಲ್ಕು ಹಲ್ಲಿನವರೆಗಿನದು ಹಾಕಿಸಿದೆವು. ಅಷ್ಟು ದೊಡ್ಡ ಚಕ್ರಕ್ಕೆ ಹಳೆಯ ಚೈನು ಸಾಲದು, ಗೇರು ಬದಲಿಸುವ ಹಿಂದಿನ ಕೈಯೂ ಉದ್ದದ್ದೇ ಬೇಕು ಎಂದು ಅಂಗಡಿಯವರು ಅವನ್ನೂ ಬದಲಿಸಿದರು. ಈಗ ಪೆಡಲಿನ ಒಂದು ಸುತ್ತಿಗೆ ಚಕ್ರಕ್ಕೂ ಹೆಚ್ಚುಕಮ್ಮಿ ಒಂದು ಸುತ್ತು. ಕೆಳದಿಯಿಂದ ಬರುವ ಏರಿನಲ್ಲಿ ಮಾವ ಒಂದು ಪೂರ್ತಿ ಕಥೆ ಹೇಳಿ ಮುಗಿಸಿದರು.

ಆ ಕಥೆಯಲ್ಲೇ ದೊಡ್ಡಕ್ಕ ಬಂದದ್ದು. ದೊಡ್ಡಕ್ಕ ಎಂದರೆ ಮಾವನ ಅಕ್ಕ, ಹೊಸನಗರದ ಆಚೆ ತೀರ್ಥಹಳ್ಳಿ ದಾರಿಯ ಅರಳಸುರಳಿಯಲ್ಲಿರುವವರು, ಎಂಬತ್ತರ ಹತ್ತಿರ. ಮಾವನಿಗೆ ತಾಯಿಗಿಂತ ಹೆಚ್ಚು. ಅವರ ಮದುವೆಯಾದಾಗ ಮಾವ ಇನ್ನೂ ಶಾಲೆಯ ಹುಡುಗ. ಗೇಣಿ ಮಾಡುತ್ತಿದ್ದ ಮನೆ, ಅಕ್ಕನನ್ನು ನೋಡಲು ಬಸ್ಸಿನಲ್ಲಿ ಹೋಗುವ ಅನುಕೂಲವಿರಲಿಲ್ಲ. ಹೊಸನಗರದಲ್ಲಿ ಬಾಡಿಗೆ ಸೈಕಲ್ ಹಿಡಿದು, ಅಮ್ಮ ಕೊಟ್ಟ ಕಟ್ಟನ್ನು ಕ್ಯಾರಿಯರ್‌ಗೆ ಬಿಗಿದು ಅರಳಸುರಳಿಗೆ ತುಳಿಯುತ್ತಿದ್ದರಂತೆ. ಗೇರಿಲ್ಲದ, ಕಬ್ಬಿಣದ, ಸೀಟಿನ ಮೇಲೆ ಕೂತರೆ ಕಾಲು ಎಟುಕದ ಸೈಕಲ್.

"ಹೃದಯ ಅಂತ ಒಂದಿದೆ ಅಂತಾನೇ ಗೊತ್ತಿರ್ಲಿಲ್ಲ ಆವಾಗ" ಅಂದರು ಮಾವ. ಮತ್ತೆ ಸ್ವಲ್ಪ ದೂರ ತುಳಿದು, "ಒಂದ್ಸಲ ಅಲ್ಲಿಗೆ ಹೋಗಬೇಕಲ್ಲ" ಅಂದರು.

"ಕಾರಲ್ಲಿ ಹೋಗೋಣ ಮಾವ, ಈ ವಾರವೇ."

"ಕಾರಲ್ಲಿ ಹೋದ್ರೆ ರೋಗಿ ಬಂದ ಅಂತ ಹಾಸಿಗೆ ಹಾಸ್ತಾಳೆ. ಸೈಕಲಲ್ಲಿ ಹೋದ್ರೆ ತಮ್ಮ ಬಂದ ಅಂತಾಳೆ."

ಈ ವಿಷಯವನ್ನು ಊಟದ ಹೊತ್ತಿಗೆ ನನ್ನ ಗಂಡನ ಮುಂದೆ ಇಟ್ಟವಳು ನಾನೇ. ಅವರು ತಟ್ಟೆಯಿಂದ ಕೈ ತೆಗೆದು ಇಬ್ಬರನ್ನೂ ನೋಡಿದರು. "ನೀವಿಬ್ರೂ ಸೇರಿ ಏನೇನು ಮಾತಾಡ್ಕೊಳ್ತೀರೋ" ಅಂದರು. ಬೇಡವೆಂದರು, ಮಾರನೆಯ ದಿನವೂ ಬೇಡವೆಂದರು. ಡಾಕ್ಟರಿಗೆ ಫೋನ್ ಮಾಡಿ ಕೇಳಿದ ಮೇಲೆ, ಎರಡು ದಿನ ಮಾಡಿಕೊಂಡು, ಹೊಸನಗರದಲ್ಲಿ ರಾತ್ರಿ ಉಳಿದು, ನಿಂತ ಕಡೆಯಿಂದೆಲ್ಲ ಫೋನ್ ಮಾಡುತ್ತ ಹೋಗುವುದಾದರೆ ಹೋಗಿ ಎಂದರು. ಹೊಸನಗರದಲ್ಲಿ ನನ್ನ ಹಳೆಯ ಸಹೋದ್ಯೋಗಿಯ ಮನೆಯಿತ್ತು.

ಡಿಸೆಂಬರಿನ ಒಂದು ಶನಿವಾರ ಹೊರಟೆವು. ಆವತ್ತಿನ ಮೂವತ್ತೈದು ಚಿಲ್ಲರೆ ಕಿಲೋಮೀಟರು ನಾವು ಅಲ್ಲಿಯವರೆಗೆ ಒಂದೇ ದಿಕ್ಕಿಗೆ ತುಳಿದ ಅತಿ ಹೆಚ್ಚಿನ ದೂರ. ಚಳಿ ಹಿತವಾಗಿತ್ತು. ಮೂರು ಕಡೆ ನಿಂತೆವು, ಒಂದು ಕಡೆ ಅವಲಕ್ಕಿ ಚಾ ಆಯಿತು. ಅಲ್ಲಿ ಹೋಟೆಲಿನವರ ಹಸು ಮೇವು ಬಿಟ್ಟಿದೆಯೆಂದು ತಿಳಿದು ಮಾವ ಸೈಕಲ್ ಹೆಲ್ಮೆಟ್ಟಿನಲ್ಲೇ ಕೊಟ್ಟಿಗೆಗೆ ಹೋಗಿ ಬಾಯಿ ಬಿಡಿಸಿ ನೋಡಿ ಬಂದರು. ಹೊಸನಗರ ಮುಟ್ಟಿದಾಗ ಇನ್ನೂ ಹನ್ನೆರಡು ಗಂಟೆ ಆಗಿರಲಿಲ್ಲ. ಮಧ್ಯಾಹ್ನ ಅವರು ಪೇಪರ್ ಓದಿದರು. ನನಗೆ ಧೈರ್ಯ ಬಂತು.

ಮಾರನೆಯ ದಿನ ತೀರ್ಥಹಳ್ಳಿ ಕಡೆಯ ರಸ್ತೆ. ಏರು ಮುಗಿದ ಕೂಡಲೆ ಇಳಿಜಾರು, ಇಳಿದ ಕೂಡಲೆ ಇನ್ನೊಂದು ಏರು. ಮಾವ ಬೆಳಿಗ್ಗೆಯೇ ಉತ್ಸಾಹದಲ್ಲಿದ್ದರು. ಇಲ್ಲಿ ಒಂದು ಹಳ್ಳವಿತ್ತು, ಇಲ್ಲಿ ಚೈನು ಕಳಚಿ ಬಿದ್ದಿತ್ತು, ಇಲ್ಲಿ ಒಬ್ಬ ಅಜ್ಜ ಬೆಲ್ಲ ನೀರು ಕೊಟ್ಟಿದ್ದ ಎಂದು ತೋರಿಸುತ್ತ ಹೋದರು. ನನಗೆ ಅಲ್ಲೆಲ್ಲ ಅಕೇಶಿಯಾ ತೋಪು ಮಾತ್ರ ಕಾಣುತ್ತಿತ್ತು. ಒಂದು ಉದ್ದನೆಯ ಏರಿನ ನಡುವೆ ಅವರ ಮಾತು ನಿಂತಿತು.

"ಆಮೇಲೆ?" ಅಂದೆ.

ಉತ್ತರವಿಲ್ಲ. ಇನ್ನೊಮ್ಮೆ ಕೇಳಿದೆ. ತಲೆ ಮಾತ್ರ ಆಡಿಸಿದರು. ಹಣೆಯ ಮೇಲಿನ ಬೆವರು ಮೂಗಿನ ತುದಿಗೆ ಬಂದಿತ್ತು.

"ಮಾವ, ಇಳೀರಿ."

ಇಳಿಯಲಿಲ್ಲ. ನಾನು ಮುಂದೆ ಹೋಗಿ ಸೈಕಲ್ ಅಡ್ಡ ನಿಲ್ಲಿಸಿದೆ. ಅವರು ಕಾಲು ನೆಲಕ್ಕೆ ಕೊಟ್ಟು ಹ್ಯಾಂಡಲ್ ಮೇಲೆ ಬಾಗಿ ನಿಂತರು. ಅವರ ಕೈಗಡಿಯಾರದಲ್ಲಿ ಎದೆಬಡಿತ ಡಾಕ್ಟರು ಹೇಳಿದ ಸಂಖ್ಯೆಯನ್ನು ಬಹಳ ಹಿಂದೆಯೇ ದಾಟಿ ಹೋಗಿತ್ತು. ನಿಂತ ಮೇಲೂ ಇಳಿಯಲು ಒಲ್ಲದು.

ಸ್ವಲ್ಪ ಮುಂದೆ ಒಂದು ಬಸ್ ತಂಗುದಾಣವಿತ್ತು. ನಿಧಾನಕ್ಕೆ ನಡೆಸಿಕೊಂಡು ಹೋಗಿ ಸಿಮೆಂಟು ಕಟ್ಟೆಯ ಮೇಲೆ ಕೂರಿಸಿದೆ. ಎದೆನೋವು ಇಲ್ಲ, ತಲೆ ಹಗುರಾದಂತೆ ಆಗುತ್ತಿದೆ ಅಂದರು. ಡಾಕ್ಟರಿಗೆ ಫೋನ್ ಮಾಡಿದೆ. ನೋವು, ವಾಂತಿ, ಎಡಗೈ ಸೆಳೆತ ಎಲ್ಲ ಒಂದೊಂದಾಗಿ ಕೇಳಿದರು. ನೀರು ಕುಡಿಸಿ ಮಲಗಿಸಿ, ಐದು ನಿಮಿಷದಲ್ಲಿ ಬಡಿತ ಇಳಿಯದಿದ್ದರೆ ಹತ್ತಿರದ ಆಸ್ಪತ್ರೆಗೆ ಹೋಗಿ, ಇಳಿದರೆ ಇವತ್ತು ಇನ್ನು ಸೈಕಲ್ ಬೇಡ, ನಾಳೆ ಬಂದು ತೋರಿಸಿ ಎಂದರು. ಸಂಖ್ಯೆ ಇಳಿಯಿತು. ಅದು ಇಳಿಯುವುದನ್ನು ನೋಡುತ್ತ ನಾನು ಅವರ ಕೈ ಹಿಡಿದುಕೊಂಡಿದ್ದೆ ಎನ್ನುವುದು ಆಮೇಲೆ ಗಮನಕ್ಕೆ ಬಂತು. ಅಷ್ಟು ವರ್ಷಗಳಲ್ಲಿ ನಾನು ಅವರ ಕಾಲು ಮುಟ್ಟಿ ನಮಸ್ಕರಿಸಿದ್ದೆ, ಕೈ ಹಿಡಿದಿರಲಿಲ್ಲ.

ಬಣ್ಣ ಬಂದ ಮೇಲೆ ಮಾವ ಎದ್ದು ಕೂತರು. "ಇನ್ನೇನು, ಸ್ವಲ್ಪ ದೂರ ಇರೋದು. ನಿಧಾನಕ್ಕೆ ಹೋಗೋಣ."

"ಇಲ್ಲ ಮಾವ."

"ಏರು ಬಂದ್ರೆ ನಡೀತೀನಿ."

"ಇಲ್ಲ. ಇವತ್ತು ಇಷ್ಟೇ."

"ನಾನೇನು ಸಣ್ಣ ಮಗುನಾ?" ಅಂದರು. ಧ್ವನಿ ಏರಿತ್ತು. ನನ್ನ ಮೇಲೆ ಅವರು ಧ್ವನಿ ಏರಿಸಿದ್ದು ಅದೇ ಮೊದಲು. "ನನ್ನ ಅಕ್ಕನ ಮನೆಗೆ ಹೋಗೋಕೆ ನಿನ್ನ ಪರ್ಮಿಷನ್ ಬೇಕಾ?"

ನನಗೆ ಅಳು ಬಂತು. ಶಾಲೆಯಲ್ಲಿ ಗದ್ದಲ ಮಾಡುವ ಎಂಟನೇ ಕ್ಲಾಸಿನ ಎದುರೂ ಅಳದವಳು ಅಲ್ಲಿ ರಸ್ತೆ ಬದಿಯಲ್ಲಿ ಅತ್ತುಬಿಟ್ಟೆ. "ನಿಮಗೇನಾದ್ರೂ ಆದ್ರೆ ಬೆಳಿಗ್ಗೆ ನಾನು ಯಾರ ಹತ್ರ ಮಾತಾಡ್ಲಿ ಮಾವ? ಅತ್ತೆ ಹೋದ ಮೇಲೆ ಆ ಮನೇಲಿ ನಂಗೆ ಮಾತಾಡೋಕೆ ಸಿಕ್ಕಿದ್ದು ನೀವೊಬ್ರೇ" ಅಂದೆ. ಹೇಳಬೇಕೆಂದು ಹೇಳಿದ್ದಲ್ಲ. ಬಂದುಬಿಟ್ಟಿತು.

ಮಾವ ನೆಲ ನೋಡುತ್ತ ಕೂತರು. ಒಂದು ಖಾಸಗಿ ಬಸ್ಸು ಬಂದು ನಿಂತು, ನಾವು ಹತ್ತುವುದಿಲ್ಲವೆಂದು ಕಂಡು ಹೋಯಿತು. ಅದು ಹೋದ ಮೇಲೆ, "ಅಕ್ಕನಿಗೆ ಫೋನ್ ಮಾಡಿ ಹೇಳು. ಕಾಯ್ತಾ ಇರ್ತಾಳೆ" ಅಂದರು. ತಾವೇ ಹೇಳಲು ಅವರಿಗೆ ಮನಸ್ಸಿರಲಿಲ್ಲ.

ಫೋನ್ ಎತ್ತಿದವರು ದೊಡ್ಡಕ್ಕನ ಮಗ. ವಿಷಯ ಹೇಳುತ್ತಿರುವಾಗಲೇ ದೊಡ್ಡಕ್ಕ ಫೋನ್ ಕಿತ್ತುಕೊಂಡರು.

"ಎಲ್ಲಿದೀರಿ?"

ತಂಗುದಾಣದ ಗೋಡೆಯ ಮೇಲಿದ್ದ ಊರಿನ ಹೆಸರು ಓದಿದೆ.

"ಅವನು ಕೂತಿದಾನಾ, ಮಲಗಿದಾನಾ?"

"ಕೂತಿದಾರೆ ದೊಡ್ಡಕ್ಕ. ಈಗ ಏನೂ ಇಲ್ಲ."

"ಅಲ್ಲೇ ಇರಿ" ಎಂದು ಫೋನಿಟ್ಟರು.

ನಾನು ಗಂಡನಿಗೂ ಫೋನ್ ಮಾಡಿ ಕಾರು ತರಲು ಹೇಳಿದೆ. ಅವರು ಬರುವಷ್ಟರಲ್ಲಿ ಎದುರು ದಿಕ್ಕಿನಿಂದ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಅದನ್ನು ಓಡಿಸುತ್ತಿದ್ದವರು ದೊಡ್ಡಕ್ಕನ ಮಗ. ಪಕ್ಕದಲ್ಲಿ, ತೊಡೆಯ ಮೇಲೆ ಟಿಫಿನ್ ಕ್ಯಾರಿಯರ್ ಇಟ್ಟುಕೊಂಡು, ತಲೆಗೆ ಮಫ್ಲರ್ ಸುತ್ತಿಕೊಂಡು ದೊಡ್ಡಕ್ಕ ಕೂತಿದ್ದರು. ಮಂಡಿನೋವಿನವರು, ಮಗ ಕೈಕೊಟ್ಟು ಇಳಿಸಿದರು. ಬಂದವರೇ ತಮ್ಮನ ಹಣೆ, ಕೆನ್ನೆ, ಕುತ್ತಿಗೆ ಮುಟ್ಟಿ ನೋಡಿದರು. ಆಮೇಲೆ ಅವರ ಬಿಗಿ ಚಡ್ಡಿಯನ್ನು ನೋಡಿದರು.

"ಇದೆಂತ ವೇಷನೋ?"

"ಸೈಕಲಿಗೆ ಹಾಕೋದು ಅಕ್ಕ."

"ಮೊದ್ಲು ಉಣ್ಣು."

ಕ್ಯಾರಿಯರ್‌ನಲ್ಲಿ ಬಿಸಿ ಕಡುಬು, ಚಟ್ನಿ, ಸ್ವಲ್ಪ ಅನ್ನ ಸಾರು. ಅಲ್ಲೇ ಕಟ್ಟೆಯ ಮೇಲೆ ಎಲ್ಲರೂ ತಿಂದೆವು. ದೊಡ್ಡಕ್ಕ ತಿನ್ನುತ್ತಲೇ ಸೈಕಲ್ಲನ್ನು ಪರೀಕ್ಷಿಸುತ್ತಿದ್ದರು. ಒಂದು ಸೈಕಲ್ಲಿಗೆ ಇಷ್ಟೊಂದು ಹಲ್ಲಿನ ಚಕ್ರ ಯಾಕೆಂದು ಕೇಳಿದರು. ಮಾವ ಹಿಂದಿನ ಗಾಲಿ ಎತ್ತಿ, ಪೆಡಲ್ ತಿರುಗಿಸಿ, ಚೈನು ಒಂದರಿಂದ ಇನ್ನೊಂದಕ್ಕೆ ಹಾರುವುದನ್ನು ತೋರಿಸಿದರು. ದೊಡ್ಡದಕ್ಕೆ ಬಂದರೆ ಹತ್ತುವುದು ಸುಲಭ, ಆದರೆ ನಿಧಾನ. ಚಿಕ್ಕದಕ್ಕೆ ಬಂದರೆ ವೇಗ, ಆದರೆ ಭಾರ ಎಂದು ವಿವರಿಸಿದರು.

"ಸುಲಭದ್ದು ಇಟ್ಕೊಂಡೂ ಯಾಕೆ ಹೀಂಗೆ ಮಾಡ್ಕೊಂಡೆ?"

"ಅದು ಸಾಲಲಿಲ್ಲ ಅಕ್ಕ. ಇನ್ನೂ ಸುಲಭದ್ದು ಹಾಕ್ಸು ಅಂತ ಇವಳು ಹೇಳಿದ್ಲು. ನಾನೇ ಬೇಡ ಅಂದೆ."

ದೊಡ್ಡಕ್ಕ ನನ್ನ ಕಡೆ ನೋಡಿದರು. ಕೈ ತೊಳೆದು ಬಂದು ತಮ್ಮನ ಪಕ್ಕ ಕೂತು, ಮಫ್ಲರ್ ಬಿಚ್ಚಿ ಮಡಿಸುತ್ತ ಮಾತು ಶುರುಮಾಡಿದರು.

"ನಿಂಗೆ ಗೊತ್ತಾ, ಆವಾಗ ನೀನು ಬರ್ತಿದ್ಯಲ್ಲ, ನಂಗೆ ಖುಷಿ ಆಗ್ತಿತ್ತು. ನೀನು ಹೋದ ಮೇಲೆ ಸಿಟ್ಟು ಬರ್ತಿತ್ತು."

"ನನ್ನ ಮೇಲಾ?"

"ನಿನ್ನ ಮೇಲೇ. ನೀನು ಸೈಕಲ್ ಹತ್ತಿ ಬರ್ತಿದ್ದೆ, ಸೈಕಲ್ ಹತ್ತಿ ಹೋಗ್ತಿದ್ದೆ. ನಂಗೆ ಹಬ್ಬಕ್ಕೆ ತವರಿಗೆ ಹೋಗ್ಬೇಕಾದ್ರೆ ಅತ್ತೆನ್ನ ಕೇಳ್ಬೇಕು, ಮಾವನ್ನ ಕೇಳ್ಬೇಕು, ಕೊಯ್ಲು ಮುಗೀಬೇಕು. ಇವತ್ತು ನೀನು ಬರೋಕಾಗಲ್ಲ ಅಂದ ಕೂಡ್ಲೆ, ನಾನೇ ಹೋತೀನಿ ಅಂದೆ. ಯಾರನ್ನೂ ಕೇಳ್ಲಿಲ್ಲ. ನಿನ್ನ ನೋಡೋಕೆ ಅಂತ ನಾನೇ ಹೊರಟು ಬಂದಿದ್ದು ಇದೇ ಮೊದ್ಲು ಕಣೋ."

ಮಾವ ಅಕ್ಕನ ಮಂಡಿಯ ಮೇಲೆ ಕೈಯಿಟ್ಟರು. ದನಗಳ ಕಾಲು ನೋಡುವವರಂತೆ ಬೆರಳಿನಿಂದ ಒತ್ತಿ, "ಇಲ್ಲಿ ನೋವಾ?" ಅಂದರು. "ಅಲ್ಲಲ್ಲ, ಒಳಗೆ" ಎಂದು ಅವರು ನಕ್ಕರು. ಮಾವನ ಕಣ್ಣು ಒದ್ದೆಯಾಗಿತ್ತು. ದೊಡ್ಡಕ್ಕನ ಮಗ ಎದ್ದು ಹೋಗಿ ಆಟೋದ ಗಾಜು ಒರೆಸತೊಡಗಿದರು.

ನನ್ನ ಗಂಡ ಕಾರು ತಂದು ನಿಲ್ಲಿಸಿದಾಗ ಅಕ್ಕ ತಮ್ಮ ಇಬ್ಬರೂ ಕಾಲು ಚಾಚಿ ಕೂತು, ಸತ್ತುಹೋದ ಯಾವುದೋ ಹಸುವಿನ ಬಣ್ಣದ ಬಗ್ಗೆ ಜಗಳವಾಡುತ್ತಿದ್ದರು. ಗಂಡ ಗಾಬರಿಯಿಂದ ಓಡಿ ಬಂದವರು ಆ ದೃಶ್ಯ ನೋಡಿ ನಿಂತುಬಿಟ್ಟರು. ಇನ್ನು ಹೊರಡೋಣ ಎಂದಾಗ ದೊಡ್ಡಕ್ಕ ಮಗನಿಗೆ, "ನೀನು ಸೈಕಲ್ ಹೇರ್ಕೊಂಡು ಇವರ ಹಿಂದೇ ಬಾ. ನಾನು ಕಾರಲ್ಲಿ ಸಾಗರಕ್ಕೆ ಹೋತೀನಿ" ಅಂದರು.

"ಬಟ್ಟೆ ಇಲ್ಲವಲ್ಲ ಅಮ್ಮ?"

"ಇವಳ ಸೀರೆ ಇಲ್ವಾ?"

ಅತ್ತೆಯ ಕರ್ಮಕ್ಕೆ ಬಂದು ಹೋದ ಮೇಲೆ ದೊಡ್ಡಕ್ಕ ನಮ್ಮ ಮನೆಗೆ ಬಂದಿರಲಿಲ್ಲ. ಈ ಸಲ ಸಂಕ್ರಾಂತಿಯ ತನಕ ಉಳಿದರು. ನನ್ನ ಹತ್ತಿ ಸೀರೆಗಳನ್ನು ಒಂದಾದ ಮೇಲೊಂದು ಉಟ್ಟರು, ಇಸ್ತ್ರಿ ಸರಿಯಿಲ್ಲವೆಂದರು. ಮಾವನ ಜೊತೆ ಜಗುಲಿಯಲ್ಲಿ ಕೂತು ಇಡೀ ಮಧ್ಯಾಹ್ನ ಮಾತಾಡುತ್ತಿದ್ದರು. ಶಾಲೆಯಿಂದ ನಾನು ಗೇಟು ತೆಗೆದು ಬರುವಾಗಲೇ ಒಳಗಿನಿಂದ ಅವರ ದನಿ ಕೇಳಿಸುತ್ತಿತ್ತು. ನನ್ನ ಗಂಡ ಅಂಗಡಿಯನ್ನು ಒಂದರ್ಧ ಗಂಟೆ ಮೊದಲೇ ಮುಚ್ಚಿ ಬರತೊಡಗಿದರು.

ಸಾಗರಕ್ಕೆ ಬಂದ ಮಾರನೆಯ ದಿನವೇ ಶಿವಮೊಗ್ಗಕ್ಕೆ ಹೋಗಿದ್ದೆವು. ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿ, ಸ್ಟೆಂಟ್ ಚೆನ್ನಾಗಿಯೇ ಇದೆ ಅಂದರು. ಶನಿವಾರದ ದಣಿವು ಭಾನುವಾರಕ್ಕೆ ಪೂರ್ತಿ ಹೋಗಿರಲಿಲ್ಲ, ಚಳಿಯೆಂದು ನೀರು ಕಡಿಮೆ ಕುಡಿದಿದ್ದರು, ಅದರ ಮೇಲೆ ಏರನ್ನು ಹಟದಿಂದ ಹತ್ತಿದ್ದರು. ಒಂದು ಮಾತ್ರೆ ಬದಲಾಯಿತು. ಎರಡು ದಿನ ಸಾಲಾಗಿ ದೂರ ಹೋಗುವುದು ಇನ್ನು ಬೇಡವೆಂದು ತೀರ್ಮಾನವಾಯಿತು. ಡಾಕ್ಟರ ಕೋಣೆಯಿಂದ ಹೊರಗೆ ಬಂದ ಮಾವ ಕಾರು ಹತ್ತುವ ಮೊದಲು, "ಸೈಕಲ್ ಅಂಗಡಿ ಕಡೆ ಹೋಗಿ ಹೋಗೋಣ. ಮುಂದಿಂದು ಯಾವ್ದು ಸಿಗುತ್ತೆ ಕೇಳೋಣ" ಅಂದರು.

ಮುಂದಿನ ದೊಡ್ಡ ಚಕ್ರ ಐವತ್ತೆರಡರಿಂದ ನಲವತ್ತಾರಕ್ಕೆ ಇಳಿಯಿತು, ಚಿಕ್ಕದು ಮೂವತ್ತಾರರಿಂದ ಮೂವತ್ತಕ್ಕೆ. ಮೂವತ್ತಕ್ಕೆ ಮೂವತ್ತನಾಲ್ಕು, ಅಂದರೆ ಪೆಡಲಿನ ಒಂದು ಸುತ್ತಿಗೆ ಚಕ್ರ ಒಂದು ಸುತ್ತಿಗೂ ಕಡಿಮೆ. ಈ ಲೆಕ್ಕವನ್ನು ನಾನು ಹೇಳುವ ಮೊದಲು ಅವರೇ ಹೇಳಿದರು. ಇಳಿಜಾರಿನಲ್ಲಿ ಮೊದಲಿನಷ್ಟು ಜೋರಾಗಿ ತುಳಿಯಲು ಬರುವುದಿಲ್ಲ. ಇಳಿಜಾರಿನಲ್ಲಿ ತುಳಿಯುವುದು ಯಾಕೆ, ಕೂತರೆ ಸಾಕಲ್ಲ ಎನ್ನುತ್ತಾರೆ ಈಗ. ಹಳೆಯ ಗುಂಪಿನ ಹುಡುಗರು ಸಿಕ್ಕಾಗ ನಿಲ್ಲಿಸಿ ತೋರಿಸುತ್ತಾರೆ, ಅವರಲ್ಲೂ ಮಂಡಿನೋವು ಶುರುವಾದ ಒಬ್ಬಿಬ್ಬರು ವಿಚಾರಿಸಿಕೊಂಡು ಹೋಗಿದ್ದಾರೆ.

ವಾರದಲ್ಲಿ ಮೂರು ಬೆಳಿಗ್ಗೆ ಹೋಗುತ್ತೇವೆ. ಇಪ್ಪತ್ತು, ಹೆಚ್ಚೆಂದರೆ ಇಪ್ಪತ್ತೈದು ಕಿಲೋಮೀಟರು. ಅರಳಸುರಳಿಗೆ ಕಾರಿನಲ್ಲೇ ಹೋಗಿ ಬರುತ್ತೇವೆ, ದೊಡ್ಡಕ್ಕನೂ ಮಗನ ಆಟೋ ಹತ್ತಿ ಹೇಳದೆ ಕೇಳದೆ ಬಂದುಬಿಡುತ್ತಾರೆ.

ಹೋದ ವರ್ಷ ಮಳೆ ಕಡಿಮೆಯಾಗುವ ಹೊತ್ತಿಗೆ ನನ್ನ ಗಂಡನಿಗೆ ತೀರ್ಥಹಳ್ಳಿಯಲ್ಲಿ ಏನೋ ವ್ಯಾಪಾರದ ಕೆಲಸವಿತ್ತು. ಸೈಕಲ್ಲುಗಳನ್ನು ಕಾರಿಗೆ ಕಟ್ಟಿಕೊಂಡು ನಾವೂ ಹೋದೆವು. ತೀರ್ಥಹಳ್ಳಿಯಿಂದ ಸ್ವಲ್ಪ ದೂರ ಕಾರಿನಲ್ಲೇ ಬಿಡಿಸಿಕೊಂಡು, ಅಲ್ಲಿಂದ ಹೊಳೆಯ ಜಾಡು ಹಿಡಿದು ಮಂಡಗದ್ದೆಯ ತನಕ ತುಳಿದೆವು. ತುಂಗೆ ತುಂಬಿತ್ತು. ಹೊಳೆಯ ನಡುವಿನ ಮರಗಳ ತುಂಬ ಬಿಳಿ ಹಕ್ಕಿಗಳು, ರೆಂಬೆ ಕಾಣದಷ್ಟು. ಮರಿಗಳ ಗಲಾಟೆ ರಸ್ತೆಗೇ ಕೇಳುತ್ತಿತ್ತು. ಕಾರು ಬರುವ ತನಕ ನಾವು ದಡದಲ್ಲಿ ಕೂತೆವು. ಮಾವ ಹೆಲ್ಮೆಟ್ಟನ್ನು ತಲೆಯಡಿಗೆ ಇಟ್ಟುಕೊಂಡು ಅಡ್ಡಾದರು, ಹಾಗೇ ನಿದ್ದೆ ಹೋದರು. ಒಂದು ತಾಯಿ ಹಕ್ಕಿ ಹಾರಿ ಹೋಗಿ ಬಾಯಲ್ಲಿ ಏನೋ ಕಚ್ಚಿಕೊಂಡು ಬಂದು ಮತ್ತೆ ಹೋಗುವುದನ್ನು ನಾನು ನೋಡುತ್ತಿದ್ದೆ. ಅವರಿಗೆ ಎಚ್ಚರವಾದಾಗ ಬಿಸಿಲು ಹೊಳೆಯ ಆಚೆ ದಡಕ್ಕೆ ಸರಿದಿತ್ತು.

"ತುಂಬಾ ಹೊತ್ತಾಯ್ತಾ?" ಅಂದರು.

"ಗಡಿಯಾರ ನೋಡ್ಲಿಲ್ಲ ಮಾವ" ಅಂದೆ.